ಸದ್ದಿಗೆ ಬೇಕಾದ ಕರೆಂಟು ಎಲ್ಲಿಂದ ಬರಬೇಕು?

ವಾಹನ ವಿಭಾಗಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಆಡಿಯೊ ವ್ಯವಸ್ಥೆಗೆ ಸಂಬಂಧಿಸಿದವು. ಯಾವ ಸ್ಪೀಕರ್ ಒಳ್ಳೆಯದು, ವೂಫರಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂಬಂಥ ಪ್ರಶ್ನೆಗಳನ್ನು ಬದಿಗಿಟ್ಟು, ಆಂಪ್ಲಿಫೈಯರಿಗೆ ವಿದ್ಯುತ್ ಒದಗಿಸುವ ವಿಷಯದ ಪತ್ರಗಳನ್ನಷ್ಟೇ ಇಲ್ಲಿ ಆಯ್ದುಕೊಂಡಿದ್ದೇವೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನನ್ನ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ 1000 ವಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ) ಸಾಮರ್ಥ್ಯದ ಕ್ಲಾಸ್ ಡಿ ಆಂಪ್ಲಿಫೈಯರ್ ಮತ್ತು 12 ಇಂಚಿನ ಎರಡು ಸಬ್‌ವೂಫರ್ ಹಾಕಿಸಿದ್ದೇನೆ. ರಾತ್ರಿ ಬಾಸ್ ಬಡಿದಾಗಲೆಲ್ಲ ಹೆಡ್‌ಲೈಟು ಮಂಕಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೂ ಹೆಚ್ಚು. ಎರಡು ಫ್ಯಾರಡ್ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಆಲ್ಟರ್ನೇಟರ್ ಮೇಲೆ 14 ವೋಲ್ಟ್, 70 ಆಂಪಿಯರ್ ಎಂದಿದೆ. ಬ್ಯಾಟರಿ 35 ಆಂಪಿಯರ್-ಅವರ್. — ಓದುಗರು, ಹಾಸನ

ಉತ್ತರ: ಸರಿಹೋಗುವುದಿಲ್ಲ. ಏಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಆದರೆ ನೀವು ಬೇಕಾದ ಅಂಕಿಗಳನ್ನೆಲ್ಲ ಬರೆದು ಕಳಿಸಿರುವುದರಿಂದ ಅದು ಕಷ್ಟವಲ್ಲ.

ಕ್ಲಾಸ್ ಡಿ ಆಂಪ್ಲಿಫೈಯರಿನ ದಕ್ಷತೆ ಸುಮಾರು ಶೇಕಡಾ 80 ಎಂದಿಟ್ಟುಕೊಂಡರೆ, ಸ್ಪೀಕರಿಗೆ 1000 ವಾಟ್ ಕೊಡಲು ಅದು ಕಾರಿನಿಂದ 1250 ವಾಟ್ ಎಳೆದುಕೊಳ್ಳಬೇಕು. 13.8 ವೋಲ್ಟಿನಲ್ಲಿ ಇದು ಸರಿಸುಮಾರು 90 ಆಂಪಿಯರ್. ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಕಾರಿಗೆ ವಿದ್ಯುತ್ ಉತ್ಪಾದಿಸುವ ನಿಮ್ಮ ಆಲ್ಟರ್ನೇಟರ್ ತನ್ನ ಪೂರ್ಣ ಶಕ್ತಿಯಲ್ಲಿ ಕೊಡುವುದೇ 70. ಅದರಲ್ಲೂ ಇಗ್ನಿಷನ್, ಇಂಧನ ಪಂಪು, ಇಂಜೆಕ್ಟರುಗಳು, ಎರಡು 55 ವಾಟ್ ಹ್ಯಾಲೊಜನ್ ದೀಪಗಳು, ಎಸಿಯ ಬ್ಲೋವರ್, ರೇಡಿಯೇಟರ್ ಫ್ಯಾನು ಎಲ್ಲ ಸೇರಿ 30ರಿಂದ 40 ಆಂಪಿಯರನ್ನು ಕಾರು ತನಗಾಗಿಯೇ ಬಳಸಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದುದು, ಲೇಬಲ್ಲಿನ ಮೇಲಿರುವ 70 ಆಂಪಿಯರ್ ಆಲ್ಟರ್ನೇಟರ್ ವೇಗವಾಗಿ ತಿರುಗುತ್ತಿರುವಾಗಿನ ಅಂಕಿ ಎಂಬುದು. ಎಂಜಿನ್ ಐಡಲಿನಲ್ಲಿದ್ದಾಗ, ಅಂದರೆ ಕಾರು ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ಅದರಲ್ಲೂ ಬಾನೆಟ್ಟಿನೊಳಗೆ ಬಿಸಿಯೇರಿದ ಮೇಲೆ, ಅದರಿಂದ ಸಿಗುವುದು ಹೆಚ್ಚೆಂದರೆ ಅರ್ಧ. ಹಾಗಾಗಿ ಸಿಗ್ನಲ್ಲಿನಲ್ಲಿ ನಿಂತಿರುವ ನಿಮ್ಮ ಕಾರಿನಲ್ಲಿ ಆಂಪ್ಲಿಫೈಯರಿಗೆಂದು ಮಿಗುವುದು ಹೆಚ್ಚುಕಡಿಮೆ ಏನೂ ಇಲ್ಲ. ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬಬೇಕಾಗುತ್ತದೆ. ಆದರೆ ಬ್ಯಾಟರಿ ಕರೆಂಟು ಕೊಡಲು ಆರಂಭಿಸುವುದೇ ವೋಲ್ಟೇಜು 14ರ ಆಸುಪಾಸಿನಿಂದ 12.6ರ ಕೆಳಗೆ ಇಳಿದ ಮೇಲೆ. ಈ ಇಳಿತವೇ ನಿಮಗೆ ದೀಪದಲ್ಲಿ ಕಾಣುತ್ತಿರುವುದು. ಫಿಲಮೆಂಟ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ, 14ರಿಂದ 12.5ಕ್ಕೆ, ಅಂದರೆ ಶೇಕಡಾ 11ರಷ್ಟು ವೋಲ್ಟೇಜು ಇಳಿದರೂ ಬೆಳಕು ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ.

ಈಗ ಕೆಪಾಸಿಟರಿನ ಮಾತು. ಒಂದು ಫ್ಯಾರಡ್ ಕೆಪಾಸಿಟರ್ 14.4ರಿಂದ 12 ವೋಲ್ಟಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಶಕ್ತಿ ಸುಮಾರು 32 ಜೂಲ್. ಎರಡು ಫ್ಯಾರಡಿನದು 63 ಜೂಲ್. ನಿಮ್ಮ ಆಂಪ್ಲಿಫೈಯರ್ ಸೆಕೆಂಡಿಗೆ 1250 ಜೂಲ್ ಕೇಳುತ್ತದೆ. ಭಾಗಿಸಿ ನೋಡಿದರೆ ಕೆಪಾಸಿಟರ್ ತಾಳುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಅಂದರೆ 40 ಹರ್ಟ್ಸಿನ ಬಾಸ್ ಸ್ವರದ ಎರಡೇ ಎರಡು ಆವರ್ತನದಷ್ಟು ಹೊತ್ತು. ಬೋರ್‌ವೆಲ್ಲಿನ ಪಂಪನ್ನು ಆಲ್ಟರ್ನೇಟರ್ ಎಂದೂ ಮೇಲಿನ ತೊಟ್ಟಿಯನ್ನು ಬ್ಯಾಟರಿ ಎಂದೂ ಭಾವಿಸಿದರೆ, ಕೆಪಾಸಿಟರ್ ಎಂಬುದು ನಲ್ಲಿಯ ಕೆಳಗಿಟ್ಟ ಚೊಂಬು. ಪಂಪು ಎತ್ತುವುದಕ್ಕಿಂತ ಹೆಚ್ಚು ನೀರನ್ನು ದಿನವಿಡೀ ಬಳಸುವ ಮನೆಯಲ್ಲಿ ಚೊಂಬಿನ ಗಾತ್ರವನ್ನು ಚರ್ಚಿಸಿ ಉಪಯೋಗವಿಲ್ಲ. ಜೊತೆಗೆ ಆ ಕೆಪಾಸಿಟರ್ ಖಾಲಿಯಾದ ಮೇಲೆ ಮತ್ತೆ ತುಂಬಿಕೊಳ್ಳುವುದೂ ಅದೇ ಆಲ್ಟರ್ನೇಟರಿನಿಂದಲೇ. ದೀಪದ ಮಿಣುಕು ತುಸು ಮೆತ್ತಗಾದಂತೆ ತೋರಬಹುದು. ಕೊರತೆ ಹಾಗೆಯೇ ಉಳಿಯುತ್ತದೆ.

ಹಾಗಾದರೆ 70 ಆಂಪಿಯರಿನ ಕಾರಿನಲ್ಲಿ ಇಷ್ಟು ದೊಡ್ಡ ಆಂಪ್ಲಿಫೈಯರ್ ನಡೆಯುವುದೇ ಇಲ್ಲವೇ ಎಂದು ನೀವು ಕೇಳಬಹುದು. ಒಂದು ಮಟ್ಟಿಗೆ ನಡೆಯುತ್ತದೆ. ಹಾಡೆಂಬುದು ನಿರಂತರವಾದ ಒಂದೇ ಸ್ವರವಲ್ಲ. ಅದರ ಶಿಖರಗಳ ನಡುವೆ ಸಾಕಷ್ಟು ಬಿಡುವಿರುತ್ತದೆ. ಬಾಸ್ ತುಂಬಿದ ಹಾಡನ್ನು ವಿರೂಪವಾಗದ ಗರಿಷ್ಠ ಮಟ್ಟದಲ್ಲಿ ನುಡಿಸಿದರೂ ಸರಾಸರಿ ಬಳಕೆ ಪೂರ್ಣ ಸಾಮರ್ಥ್ಯದ ಮೂರನೇ ಒಂದು ಭಾಗದ ಸುತ್ತಮುತ್ತ ಇರುತ್ತದೆ, ಅಂದರೆ ಸುಮಾರು 30 ಆಂಪಿಯರ್. ಹೆದ್ದಾರಿಯಲ್ಲಿ ಓಡುವಾಗ ಇದು ನಿಮ್ಮ ಆಲ್ಟರ್ನೇಟರಿನ ಕೈಗೆ ಎಟಕುವಂಥದ್ದೇ. ಪಟ್ಟಣದ ಸಂಚಾರದಲ್ಲಿ, ರಾತ್ರಿ, ಎಸಿ ಹಾಕಿಕೊಂಡು ಹೋಗುವಾಗ ಎಟಕುವುದಿಲ್ಲ.

ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದಕ್ಕೆ ಹಣವೇ ಬೇಡ. ಆಂಪ್ಲಿಫೈಯರಿನ ಗೇನ್ ತಿರುಪನ್ನು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸಿಟ್ಟಿರುವ ಕಾರುಗಳನ್ನು ನಾವು ಬಹಳ ನೋಡಿದ್ದೇವೆ. ಹೆಡ್ ಯೂನಿಟ್ಟಿನ, ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೊದ, ಸಿಗ್ನಲ್ಲಿಗೆ ಹೊಂದಿಕೆಯಾಗುವಷ್ಟು ಮಾತ್ರ ಅದನ್ನು ಇಡಬೇಕು. ಅದನ್ನು ಮೀರಿದರೆ ಅಲೆಯ ತುದಿ ಕತ್ತರಿಸಿ ಹೋಗಿ, ಸಂಗೀತದ ಬಿಡುವುಗಳು ಮುಚ್ಚಿಕೊಂಡು, ಸರಾಸರಿ ಬಳಕೆ ಏರುತ್ತದೆ. ವೂಫರಿನ ಕಾಯಿಲ್ ಸುಡುವುದೂ ಹೆಚ್ಚಾಗಿ ಹೀಗೆಯೇ. ಎರಡನೆಯದು, ಈ ವಲಯದವರು 'ಬಿಗ್ ತ್ರೀ' ಎನ್ನುವ ಮೂರು ತಂತಿಗಳ ಬದಲಾವಣೆ: ಆಲ್ಟರ್ನೇಟರಿನಿಂದ ಬ್ಯಾಟರಿಯ ಧನ ತುದಿಗೆ, ಬ್ಯಾಟರಿಯ ಋಣ ತುದಿಯಿಂದ ಬಾಡಿಗೆ, ಎಂಜಿನ್ ಬ್ಲಾಕಿನಿಂದ ಬಾಡಿಗೆ ಹೋಗುವ ಕಾರ್ಖಾನೆಯ ತಂತಿಗಳ ಜೊತೆಯಲ್ಲೇ ದಪ್ಪ ತಾಮ್ರದ ತಂತಿಗಳನ್ನು ಸೇರಿಸುವುದು. ಧನ ತುದಿಗೆ ಹೋಗುವ ತಂತಿಗೆ ಫ್ಯೂಸ್ ಇರಲೇಬೇಕು. ಇದರಿಂದ ಕರೆಂಟು ಹೊಸದಾಗಿ ಹುಟ್ಟುವುದಿಲ್ಲ, ಇರುವುದು ದಾರಿಯಲ್ಲಿ ಸೋರುವುದು ನಿಲ್ಲುತ್ತದೆ. ಇಷ್ಟಾದ ಮೇಲೂ ಸಾಲದಿದ್ದರೆ ಅದೇ ಬ್ರ್ಯಾಕೆಟ್ಟಿಗೆ ಕೂರುವ, 110 ಅಥವಾ 120 ಆಂಪಿಯರಿನ ಆಲ್ಟರ್ನೇಟರ್ ಹುಡುಕಬೇಕು. ಆಗ ನೋಡಬೇಕಾದದ್ದು ಲೇಬಲ್ಲಿನ ದೊಡ್ಡ ಅಂಕಿಯನ್ನಲ್ಲ, ಐಡಲಿನಲ್ಲಿ ಅದು ಎಷ್ಟು ಕೊಡುತ್ತದೆ ಎಂಬುದನ್ನು. ಕೆಲವು ಹೈ-ಔಟ್‌ಪುಟ್ ಆಲ್ಟರ್ನೇಟರುಗಳು ಐಡಲಿನಲ್ಲಿ ಮೂಲದ್ದಕ್ಕಿಂತಲೂ ಕಡಿಮೆ ಕೊಡುತ್ತವೆ. ಎಂಜಿನ್ನಿನ ಮೇಲೆ ಬೀಳುವ ಭಾರವನ್ನೂ ಮರೆಯಬೇಡಿ. ಆಲ್ಟರ್ನೇಟರಿನ ದಕ್ಷತೆ ಶೇಕಡಾ 55–60 ಮಾತ್ರವಾದ್ದರಿಂದ 1250 ವಾಟ್ ವಿದ್ಯುತ್ತಿಗೆ ಬೆಲ್ಟಿನ ಮೂಲಕ ಸುಮಾರು ಮೂರು ಅಶ್ವಶಕ್ತಿ ಹೋಗುತ್ತದೆ.

ಕೊನೆಯದಾಗಿ, ಅಂಗಡಿಯಲ್ಲಿ ಯಾರೂ ಹೇಳದ ಒಂದು ಮಾತು. 1000 ವಾಟಿನಿಂದ 500ಕ್ಕೆ ಇಳಿದರೆ ಕಳೆದುಕೊಳ್ಳುವುದು 3 ಡೆಸಿಬಲ್ ಮಾತ್ರ. ಸದ್ದು ದುಪ್ಪಟ್ಟಾಯಿತು ಎಂದು ಕಿವಿಗೆ ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಹೆಚ್ಚು ಸೆನ್ಸಿಟಿವಿಟಿಯ, ಅಂದರೆ ಅಷ್ಟೇ ವಾಟಿಗೆ ಹೆಚ್ಚು ಸದ್ದು ಕೊಡುವ, ವೂಫರನ್ನು ಸರಿಯಾದ ಪೆಟ್ಟಿಗೆಯಲ್ಲಿ ಕೂರಿಸಿದರೆ ಆ 3 ಡೆಸಿಬಲ್ ಒಂದು ಆಂಪಿಯರನ್ನೂ ಕೇಳದೆ ಮರಳಿ ಸಿಗುತ್ತದೆ. ನಮ್ಮನ್ನು ಕೇಳಿದರೆ ನಿಮ್ಮ ಕಾರಿಗೆ 500 ವಾಟ್ ಸಾಕು.

ಪ್ರಶ್ನೆ: ನನ್ನ ಆಂಪ್ಲಿಫೈಯರಿನ ಡಬ್ಬದ ಮೇಲೆ 3000 ವಾಟ್ ಎಂದು ದೊಡ್ಡದಾಗಿ ಬರೆದಿದೆ. ಹಿಂಬದಿಯಲ್ಲಿ 30 ಆಂಪಿಯರಿನ ಎರಡು ಫ್ಯೂಸುಗಳಿವೆ. ಇದಕ್ಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು? — ಓದುಗರು, ದಾವಣಗೆರೆ

ಉತ್ತರ: ಡಬ್ಬವನ್ನು ಪಕ್ಕಕ್ಕಿಟ್ಟು ಫ್ಯೂಸುಗಳನ್ನೇ ನಂಬಿ. ಎರಡೂ ಸೇರಿ 60 ಆಂಪಿಯರ್, 13.8 ವೋಲ್ಟಿನಿಂದ ಗುಣಿಸಿದರೆ 828 ವಾಟ್. ಒಳಗೆ ಹೋಗುವುದೇ ಇಷ್ಟಾದರೆ ಹೊರಗೆ ಬರುವುದು ಕ್ಲಾಸ್ ಡಿ ಆಗಿದ್ದಲ್ಲಿ 660ರ ಹತ್ತಿರ, ಹಳೆಯ ಕ್ಲಾಸ್ ಎಬಿ ಆಗಿದ್ದಲ್ಲಿ 450ರ ಹತ್ತಿರ. ಉಳಿದ ವಾಟುಗಳು ಮುದ್ರಣಾಲಯದಲ್ಲಿ ಹುಟ್ಟಿದವು. 'ಮ್ಯಾಕ್ಸ್' ಅಥವಾ 'ಪೀಕ್' ಎಂಬ ಹೆಸರಿನಲ್ಲಿ ಬರೆಯುವ ಅಂಕಿಗೆ ಯಾವ ಕಟ್ಟುಪಾಡೂ ಇಲ್ಲ. ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ತಯಾರಕರ ಸಂಘಟನೆ ರೂಪಿಸಿದ ಸಿಇಎ-2006 ಎಂಬ ಮಾನದಂಡ, ಈಗ ಅದನ್ನು ಸಿಟಿಎ-2006 ಎನ್ನುತ್ತಾರೆ, 14.4 ವೋಲ್ಟ್ ಪೂರೈಕೆಯಲ್ಲಿ, 4 ಓಮ್ ಹೊರೆಯ (ಸ್ಪೀಕರಿನ ರೋಧದ) ಮೇಲೆ, ಶೇಕಡಾ 1ಕ್ಕಿಂತ ಹೆಚ್ಚು ವಿರೂಪವಿಲ್ಲದೆ ಅಳೆದ ಆರ್‌ಎಂಎಸ್ ವಾಟನ್ನು ಮಾತ್ರ ಒಪ್ಪುತ್ತದೆ. ಆ ಗುರುತಿರುವ ಆಂಪ್ಲಿಫೈಯರಿನ 400 ವಾಟ್ ನಿಮ್ಮ ಡಬ್ಬದ ಮೂರು ಸಾವಿರಕ್ಕೆ ಹೆಗಲೆಣೆಯಾಗಿ ನಿಂತರೆ ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ಎಚ್ಚರಿಕೆ: ಕೆಲವು ತಯಾರಕರು 1 ಓಮ್ ಹೊರೆಯ ಮೇಲಿನ ಅಂಕಿಯನ್ನು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ನಿಮ್ಮ ವೂಫರಿನಲ್ಲಿ 4 ಓಮಿನ ಎರಡು ಕಾಯಿಲುಗಳಿದ್ದರೆ ಸಮಾಂತರವಾಗಿ ಜೋಡಿಸಿದಾಗ 2 ಓಮ್, ಸರಣಿಯಲ್ಲಿ ಜೋಡಿಸಿದಾಗ 8 ಓಮ್ ಆಗುತ್ತದೆಯೇ ಹೊರತು 1 ಓಮ್ ಆಗುವುದಿಲ್ಲ. ಓಮ್ ಇಳಿದಷ್ಟೂ ಆಂಪ್ಲಿಫೈಯರ್ ಎಳೆಯುವ ಕರೆಂಟು ಏರುತ್ತದೆ, ದಕ್ಷತೆ ತಗ್ಗುತ್ತದೆ. ಬ್ಯಾಟರಿಯ ಪ್ರಶ್ನೆಗೆ ಉತ್ತರ: ಕಾರಿನೊಂದಿಗೆ ಬಂದ ಬ್ಯಾಟರಿ ಆರೋಗ್ಯವಾಗಿದ್ದರೆ ಅದೇ ಸಾಕು. ಫ್ಯೂಸನ್ನು ಮಾತ್ರ ಎಂದಿಗೂ 40ಕ್ಕೆ ಏರಿಸಬೇಡಿ.

ಪ್ರಶ್ನೆ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ 4 ಗೇಜಿನ ವೈರಿಂಗ್ ಕಿಟ್ ತಂದು ಊರಿನಲ್ಲಿ ಹಾಕಿಸಿಕೊಂಡೆ. ಅರ್ಧ ಗಂಟೆ ನುಡಿಸಿದರೆ ತಂತಿ ಕೈಗೆ ಬಿಸಿ ತಾಗುತ್ತದೆ. ಆಂಪ್ಲಿಫೈಯರ್ ಹೆಚ್ಚೆಂದರೆ 80 ಆಂಪಿಯರ್ ಎಳೆಯುತ್ತದೆ. ಭಯಪಡಬೇಕೇ? — ಓದುಗರು, ಶಿವಮೊಗ್ಗ

ಉತ್ತರ: ಪಡಬೇಕು. ಇನ್ನು ಮುಂದೆ ಓದುವ ಮೊದಲು ಬ್ಯಾಟರಿಯ ಬಳಿಯ ಫ್ಯೂಸನ್ನು ತೆಗೆದಿಟ್ಟು ಬನ್ನಿ. ಫ್ಯೂಸೇ ಇಲ್ಲದಿದ್ದರೆ ತಂತಿಯನ್ನೇ ಬಿಚ್ಚಿ.

4 ಗೇಜ್ ಎಂದರೆ 21 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರ. ಅಂಥ ತಂತಿಯ 5 ಮೀಟರ್ ಉದ್ದದ ರೋಧ 0.004 ಓಮ್, 80 ಆಂಪಿಯರ್ ಹರಿದಾಗ ಅದರಲ್ಲಿ ಕಳೆದುಹೋಗುವುದು 0.33 ವೋಲ್ಟ್, ಹುಟ್ಟುವ ಶಾಖ 26 ವಾಟ್. ಐದು ಮೀಟರಿನ ಮೇಲೆ ಹರಡಿದಾಗ ಇದು ಕೈಗೆ ತಿಳಿಯುವುದೇ ಕಷ್ಟ. ನಿಮ್ಮದು ಬಿಸಿಯಾಗುತ್ತಿದೆ ಎಂದಮೇಲೆ ಹೊದಿಕೆಯ ದಪ್ಪಕ್ಕೂ ಒಳಗಿನ ಲೋಹಕ್ಕೂ ಸಂಬಂಧವಿಲ್ಲ ಎಂದು ಊಹಿಸಬಹುದು. ಇಂಥ ಕಿಟ್ಟುಗಳಲ್ಲಿ ಹೊರಗಿನ ರಬ್ಬರು ಹೆಬ್ಬೆರಳಿನಷ್ಟು, ಒಳಗಿನ ಎಳೆಗಳು ಒಟ್ಟು ಸೇರಿ 10 ಚದರ ಮಿಲಿಮೀಟರ್, ಅದೂ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಆಗಿರುವುದುಂಟು. ಆ ಲೋಹದ ವಾಹಕತೆ ತಾಮ್ರದ ಮೂರನೇ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಅದೇ 80 ಆಂಪಿಯರಿಗೆ ಇಲ್ಲಿ ಕಳೆಯುವುದು 1 ವೋಲ್ಟಿಗಿಂತ ಹೆಚ್ಚು, ಶಾಖ 85 ವಾಟಿನ ಮೇಲೆ. ಕಾರ್ಪೆಟ್ಟಿನಡಿ ಗಾಳಿಯಾಡದ ಜಾಗದಲ್ಲಿ ಇಷ್ಟು ಶಾಖ ಕೂಡಿಕೊಳ್ಳುವುದು ಕ್ಷೇಮವಲ್ಲ. ಪರೀಕ್ಷೆ ಸುಲಭ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ಬದಲಿಗೆ ಯಾವುದೇ ಊರಿನ ದೊಡ್ಡ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಎಚ್‌ಒಎಫ್‌ಆರ್ ಹೊದಿಕೆಯ 25 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲನ್ನು ತರಬಹುದು. ಬಿಸಿ, ಎಣ್ಣೆ, ಬೆಂಕಿ ಮೂರನ್ನೂ ತಾಳುವ ಹೊದಿಕೆ ಅದು; ನುಣುಪಾದ ಬಣ್ಣ ಇರುವುದಿಲ್ಲ, ಅಷ್ಟೇ. ವೆಲ್ಡಿಂಗ್ ಕೇಬಲಿನಲ್ಲೂ ಅಲ್ಯೂಮಿನಿಯಂ ಬರುವುದರಿಂದ ತಾಮ್ರದ್ದೇ ಬೇಕೆಂದು ಕೇಳಿ ಪಡೆಯಿರಿ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಮುಖ್ಯ ಫ್ಯೂಸ್ ಇರಬೇಕು. ಈ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ, ಅದು ತಂತಿಯ ಕಾವಲಿಗೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಅಂಚಿನಲ್ಲಿ ಹೊದಿಕೆ ಸವೆದು ತಂತಿ ಬಾಡಿಗೆ ತಾಗಿದರೆ, ಕಾರಿನ ಸಣ್ಣ ಬ್ಯಾಟರಿಯೂ ನೂರಾರು ಆಂಪಿಯರನ್ನು ಒಮ್ಮೆಲೇ ಸುರಿಯುತ್ತದೆ. ಆಗ ಬೆಂಕಿಗೂ ನಿಮಗೂ ನಡುವೆ ಇರುವುದು ಈ ಫ್ಯೂಸ್ ಒಂದೇ. 25 ಚದರ ಮಿಲಿಮೀಟರಿನ ತಂತಿಗೆ, ನಿಮ್ಮ ಬಳಕೆಗೆ, 100 ಆಂಪಿಯರಿನದು ಸರಿಯಾದ ಆಯ್ಕೆ. ತಗಡು ದಾಟುವ ತೂತಿಗೆ ರಬ್ಬರ್ ಗ್ರಾಮೆಟ್ ತಪ್ಪದೆ ಹಾಕಿಸಿ.

ಆಂಪ್ಲಿಫೈಯರಿನಿಂದ ಕಾರಿನ ಬಾಡಿಗೆ ಹೋಗುವ ಗ್ರೌಂಡಿನ ತಂತಿಯೂ ಅಷ್ಟೇ ದಪ್ಪವಿರಬೇಕು, ಆದಷ್ಟು ಗಿಡ್ಡವಿರಬೇಕು, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬಿಗಿದಿರಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದನ್ನು ಖಡಾಖಂಡಿತವಾಗಿ ಬೇಡ ಎನ್ನುತ್ತೇವೆ. ಆ ಬೋಲ್ಟಿನ ಬಿಗಿತ ಅಪಘಾತದ ಹೊತ್ತಿಗೆ ಬೇಕಾದದ್ದು. ಕೆಲಸ ಮುಗಿದ ಮೇಲೆ ಹಾಡನ್ನು ಜೋರಾಗಿ ನುಡಿಸುತ್ತ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಆಂಪ್ಲಿಫೈಯರಿನ ಋಣ ತುದಿಗೂ ಹಿಡಿದು ನೋಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ಹಿಂದಿರುಗುವ ದಾರಿಯಲ್ಲಿ ಎಲ್ಲೋ ಸಡಿಲವಿದೆ.

ಪ್ರಶ್ನೆ: ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ನಾಲ್ಕು ವೂಫರಿನ ಸೌಂಡ್ ಸಿಸ್ಟಮ್ ಕಟ್ಟಿಸಿದ್ದೇವೆ. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿಗೆ ಕಾಯುವಾಗ ಹಾಡು ಹಾಕುತ್ತೇವೆ. ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಆಗುವುದಿಲ್ಲ. ಒಂದೇ ಹಂಗಾಮಿನಲ್ಲಿ ಬ್ಯಾಟರಿ ಎರಡು ಸಲ ಹೋಯಿತು. — ಓದುಗರು, ಜಮಖಂಡಿ

ಉತ್ತರ: ಟ್ರ್ಯಾಕ್ಟರಿನ ಬ್ಯಾಟರಿ ಕಾರಿನದಕ್ಕಿಂತ ದೊಡ್ಡದಾಗಿ ಕಂಡರೂ ಅದು ಕೂಡ ಸ್ಟಾರ್ಟ್ ಮಾಡಲೆಂದೇ ಇರುವ ಬ್ಯಾಟರಿ. ಅದರ ಫಲಕಗಳು ತೆಳ್ಳಗಿದ್ದು, ಕೆಲವೇ ಸೆಕೆಂಡುಗಳ ಕಾಲ ಭಾರಿ ಕರೆಂಟು ಕೊಟ್ಟು ತಕ್ಷಣ ಮತ್ತೆ ತುಂಬಿಕೊಳ್ಳುವಂತೆ ರೂಪಿಸಿದವು. ಎಂಜಿನ್ ನಿಲ್ಲಿಸಿ 20 ಆಂಪಿಯರ್ ಎಳೆಯುತ್ತ ಕುಳಿತರೆ 75 ಆಂಪಿಯರ್-ಅವರಿನ ಬ್ಯಾಟರಿ ಎರಡು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಹೀಗೆ ಪದೇ ಪದೇ ಆಳಕ್ಕೆ ಇಳಿದ ಸ್ಟಾರ್ಟಿಂಗ್ ಬ್ಯಾಟರಿ ಹಂಗಾಮು ಮುಗಿಯುವವರೆಗೆ ಬಾಳುವುದಿಲ್ಲ. ಅದನ್ನು ಮತ್ತೆ ತುಂಬಬೇಕಾದ ಆಲ್ಟರ್ನೇಟರ್ ಹಲವು ಟ್ರ್ಯಾಕ್ಟರುಗಳಲ್ಲಿ 36 ಆಂಪಿಯರಿನದು. ಜೋಡಿ ಟ್ರೇಲರ್ ಎಳೆದುಕೊಂಡು ದೀಪ ಹಾಕಿ ಹಾಡು ನುಡಿಸುತ್ತ ಬರುವಾಗ ಬ್ಯಾಟರಿಯ ಪಾಲಿಗೆ ಬಹುಶಃ ಏನೂ ಉಳಿಯುವುದಿಲ್ಲ.

ಸೌಂಡ್ ಸಿಸ್ಟಮಿಗೆ ಆಳಕ್ಕೆ ಇಳಿದರೂ ತಾಳುವ, ಬೇರೆಯೇ ಒಂದು ಡೀಪ್-ಸೈಕಲ್ ಬ್ಯಾಟರಿ ಇಟ್ಟು, ಎಂಜಿನ್ ನಿಂತೊಡನೆ ಎರಡನ್ನೂ ಬೇರ್ಪಡಿಸುವ ಐಸೊಲೇಟರ್ ಹಾಕಿಸಿ. ಆಂಪ್ಲಿಫೈಯರಿನ ಸಾಲಿನಲ್ಲಿ 12 ವೋಲ್ಟಿನ ಸುಮಾರಿಗೆ ತಾನಾಗಿ ಕಡಿದುಕೊಳ್ಳುವ ಲೋ-ವೋಲ್ಟೇಜ್ ಕಟ್-ಆಫ್ ಇರಲಿ. ಹಗಲು ಮನೆಯಲ್ಲಿ ಟ್ರ್ಯಾಕ್ಟರ್ ನಿಂತಿರುವಾಗ ಆ ಎರಡನೆಯ ಬ್ಯಾಟರಿಯನ್ನು ಗೋಡೆಯ ಚಾರ್ಜರಿನಿಂದ ತುಂಬಿಕೊಳ್ಳುವುದೇ ಮೇಲು; 36 ಆಂಪಿಯರಿನ ಆಲ್ಟರ್ನೇಟರಿನಿಂದ ಎರಡೂ ಬ್ಯಾಟರಿಗಳನ್ನು ತುಂಬಿಸುವ ಆಸೆ ಬೇಡ.

ಕೇಳದಿದ್ದರೂ ಒಂದು ಮಾತು ಸೇರಿಸುತ್ತೇವೆ. ಯಾರ್ಡಿನಲ್ಲಿ ಕಾಯುವ ರಾತ್ರಿಗಳು ಎಷ್ಟು ದೀರ್ಘ ಎಂಬುದು ನಮಗೆ ತಿಳಿದಿದೆ. ಆದರೆ ರಸ್ತೆಯ ಮೇಲೆ ಎರಡು ಟ್ರೇಲರ್ ಕಬ್ಬು ಎಳೆಯುವಾಗ ಹಿಂದಿನ ವಾಹನದ ಹಾರನ್ನು ಚಾಲಕನಿಗೆ ಕೇಳಿಸಲೇಬೇಕು. ಹಿಂದೆ ಬರುವವರು ಅವನ ಕಣ್ಣಿಗೆ ಹೇಗೂ ಬೀಳುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ನಾಲ್ಕು ವೂಫರಿನ ಟ್ರ್ಯಾಕ್ಟರ್ ಊರೊಳಗೆ ಈ ಮಿತಿಯನ್ನು ಪಾಲಿಸುವ ಒಂದೇ ಮಾರ್ಗ ಅದನ್ನು ಆರಿಸಿಕೊಂಡು ಹೋಗುವುದು.

ಪ್ರಶ್ನೆ: ಕಾರಿನ ಡಿಕ್ಕಿಯಲ್ಲಿ ಎರಡನೆಯ ಬ್ಯಾಟರಿ ಇಡಬೇಕೆಂದಿದ್ದೇನೆ. ಎಜಿಎಂ ಒಳ್ಳೆಯದೋ ಲಿಥಿಯಮ್ಮೋ? ಸ್ಪರ್ಧೆಯ ಕಾರುಗಳಲ್ಲಿ ಹತ್ತಾರು ಬ್ಯಾಟರಿ ಇರುವುದನ್ನು ನೋಡಿದ್ದೇನೆ. — ಓದುಗರು, ಮೈಸೂರು

ಉತ್ತರ: ಸದ್ದಿನ ಒತ್ತಡವನ್ನು ಅಳೆಯುವ ಸ್ಪರ್ಧೆಗಳಲ್ಲಿ ಕಾರು ಕೆಲವು ಸೆಕೆಂಡುಗಳ ಕಾಲ ಮಾತ್ರ ಒಂದೇ ಸ್ವರವನ್ನು ನುಡಿಸಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಬ್ಯಾಟರಿಗಳಲ್ಲಿ ಕೂಡಿಟ್ಟದ್ದೇ ಸಾಕಾಗುವುದರಿಂದ ಅಲ್ಲಿ ಆ ಜೋಡಣೆಗೆ ಅರ್ಥವಿದೆ. ನೀವು ಮೈಸೂರಿನಿಂದ ಬೆಂಗಳೂರಿನವರೆಗೆ ಹಾಡು ಕೇಳುತ್ತ ಹೋಗುವವರು. ಎರಡನೆಯ ಬ್ಯಾಟರಿ ಖರ್ಚು ಮಾಡಿದ್ದನ್ನೆಲ್ಲ ಆಲ್ಟರ್ನೇಟರ್ ಮತ್ತೆ ತುಂಬಬೇಕು. ಅದು ಈಗಾಗಲೇ ಸೋತಿದ್ದರೆ ಹೊಸ ಬ್ಯಾಟರಿ ಅದಕ್ಕೆ ಮತ್ತೊಂದು ಹೊರೆಯಾಗುತ್ತದೆ. ಎಂಜಿನ್ ನಿಲ್ಲಿಸಿ ಕೇಳುವ ಅಭ್ಯಾಸವಿದ್ದರೆ ಮಾತ್ರ ಇದರಿಂದ ನಿಜವಾದ ಲಾಭ.

ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಎಜಿಎಂ ಎನ್ನುತ್ತೇವೆ. ಆಮ್ಲವನ್ನು ಗಾಜಿನೆಳೆಯ ಹಾಸಿನಲ್ಲಿ ಹೀರಿಸಿಟ್ಟಿರುವ ಅದೂ ಸೀಸ-ಆಮ್ಲದ ಬ್ಯಾಟರಿಯೇ ಆದ್ದರಿಂದ ಕಾರಿನ ಚಾರ್ಜಿಂಗ್ ವೋಲ್ಟೇಜಿಗೆ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ, ಆಮ್ಲ ಚೆಲ್ಲುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ವೋಲ್ಟೇಜು ಕೊನೆಯವರೆಗೂ 13ರ ಸುತ್ತ ಬಿಗಿಯಾಗಿ ನಿಲ್ಲುತ್ತದೆ, ಬಾಸಿಗೆ ಅದು ಸೊಗಸು. ಆದರೆ ಅದರ ಆಂತರಿಕ ರೋಧ ತೀರಾ ಕಡಿಮೆಯಿರುವುದರಿಂದ ಖಾಲಿಯಾದಾಗ ಆಲ್ಟರ್ನೇಟರಿನಿಂದ ಸಿಕ್ಕಷ್ಟು ಕರೆಂಟನ್ನೂ ಎಳೆಯುತ್ತದೆ, ಆಲ್ಟರ್ನೇಟರ್ ಬಿಸಿಯೇರಿ ಸುಡಬಹುದು. ನಡುವೆ ಕರೆಂಟನ್ನು ಮಿತಿಗೊಳಿಸುವ ಡಿಸಿ-ಡಿಸಿ ಚಾರ್ಜರ್, ಒಳಗೆ ಬ್ಯಾಟರಿಯನ್ನು ಕಾಯುವ ಒಳ್ಳೆಯ ಬಿಎಂಎಸ್ ಸರ್ಕ್ಯೂಟ್ ಇಲ್ಲದೆ ಅದನ್ನು ಕಾರಿಗೆ ತರಬೇಡಿ. ಯಾವುದನ್ನೇ ಇಟ್ಟರೂ ಮುಂದಿನ ಬ್ಯಾಟರಿಯಿಂದ ಹಿಂದಕ್ಕೆ ಬರುವ ತಂತಿಯ ಎರಡೂ ತುದಿಗಳಲ್ಲಿ ಫ್ಯೂಸ್ ಬೇಕು, ಏಕೆಂದರೆ ಈಗ ಎರಡೂ ಕಡೆಯಿಂದ ಬೆಂಕಿ ಹೊತ್ತಬಲ್ಲದು.

ಪ್ರಶ್ನೆ: ಹೊಸ ಕಾರು, ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಸೌಲಭ್ಯವಿದೆ. ಆಂಪ್ಲಿಫೈಯರಿನ ವೋಲ್ಟ್‌ಮೀಟರ್ ಓಡುವಾಗಲೂ ಒಮ್ಮೊಮ್ಮೆ 12.7 ತೋರಿಸುತ್ತದೆ, ಬ್ರೇಕ್ ಒತ್ತಿದಾಗ 14.8ಕ್ಕೆ ಹಾರುತ್ತದೆ. ಆಲ್ಟರ್ನೇಟರ್ ಕೆಟ್ಟಿದೆಯೇ? — ಓದುಗರು, ಬೆಂಗಳೂರು

ಉತ್ತರ: ಕೆಟ್ಟಿಲ್ಲ, ಲೆಕ್ಕ ಹಾಕುತ್ತಿದೆ. ಇಂಥ ಕಾರುಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಎಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ. ವೇಗ ಹೆಚ್ಚಿಸುವಾಗ ಇಂಧನ ಉಳಿಸಲೆಂದು ಅದನ್ನು ಇಳಿಸಿ, ವೇಗ ತಗ್ಗಿಸುವಾಗ ಪುಕ್ಕಟೆಯಾಗಿ ಸಿಗುವ ಚಲನಶಕ್ತಿಯಿಂದ ಬ್ಯಾಟರಿಯನ್ನು ತುಂಬಿಕೊಳ್ಳುತ್ತದೆ. ನಮ್ಮ ದೇಶದಲ್ಲಿ 2015ರಲ್ಲಿ ಮಾರುತಿ ಸುಜುಕಿ ತನ್ನ ಸಿಯಾಜ್ ಕಾರಿಗೆ ತಂದ ಎಸ್‌ಎಚ್‌ವಿಎಸ್ ವ್ಯವಸ್ಥೆ ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಲ್ಟರ್ನೇಟರನ್ನೇ ಸ್ಟಾರ್ಟರ್ ಮೋಟರನ್ನಾಗಿಯೂ ಬಳಸಿತು. ಇಂಥ ಬೆಲ್ಟಿನ ಘಟಕವಿರುವ ಕಾರುಗಳಲ್ಲಿ ಆಲ್ಟರ್ನೇಟರ್ ಬದಲಿಸುವ ಮಾತನ್ನೇ ಎತ್ತಬಾರದು.

ನಿಮ್ಮ ಬ್ಯಾಟರಿಯ ಋಣ ತುದಿಯ ಮೇಲೆ ಸಣ್ಣ ಪೆಟ್ಟಿಗೆಯಂಥ ಸೆನ್ಸರ್ ಇರುತ್ತದೆ. ಒಳಹೊರಗೆ ಹೋಗುವ ಕರೆಂಟನ್ನು ಅದು ಎಣಿಸುತ್ತಿರುತ್ತದೆ. ಆಂಪ್ಲಿಫೈಯರಿನ ಗ್ರೌಂಡನ್ನು ನೇರವಾಗಿ ಬ್ಯಾಟರಿಯ ತುದಿಗೆ ಕಟ್ಟಿದರೆ ಆ ಕರೆಂಟು ಎಣಿಕೆಯಿಂದ ತಪ್ಪಿಹೋಗಿ, ಖಾಲಿಯಾಗುತ್ತಿರುವ ಬ್ಯಾಟರಿಯನ್ನು ಕಂಪ್ಯೂಟರ್ ತುಂಬಿದೆ ಎಂದೇ ತಿಳಿಯುತ್ತದೆ. ಗ್ರೌಂಡನ್ನು ಬಾಡಿಗೆ ಕೊಡಿ. ವೋಲ್ಟೇಜಿನ ಏರಿಳಿತದಿಂದ ಆಗುವ ನಷ್ಟ ಆಂಪ್ಲಿಫೈಯರಿನ ಬಗೆಯನ್ನು ಅವಲಂಬಿಸಿದೆ. ಸಾಮಾನ್ಯ ಆಂಪ್ಲಿಫೈಯರಿನಲ್ಲಿ 14.4ರ ಬದಲು 12.6 ಸಿಕ್ಕಿದರೆ ಗರಿಷ್ಠ ವಾಟ್ ನಾಲ್ಕನೇ ಒಂದು ಭಾಗದಷ್ಟು ಕುಸಿಯುತ್ತದೆ, ಡೆಸಿಬಲ್ಲಿನಲ್ಲಿ ಇದು ಒಂದು ಚಿಲ್ಲರೆ. ಒಳಗೆ ರೆಗ್ಯುಲೇಟೆಡ್ ಪವರ್ ಸಪ್ಲೈ ಇರುವ ಆಂಪ್ಲಿಫೈಯರ್ ಅದೇ ವಾಟನ್ನು ಕೊಡುತ್ತದೆ, ಆದರೆ ವೋಲ್ಟೇಜು ಇಳಿದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಎರಡರಲ್ಲೂ ಹೆದರುವಂಥದ್ದೇನಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಎಷ್ಟು ದೊಡ್ಡ ಆಂಪ್ಲಿಫೈಯರನ್ನಾದರೂ ಹಾಕಬಹುದಲ್ಲವೇ? ರೇಂಜ್ ಎಷ್ಟು ಕಡಿಮೆಯಾದೀತು? — ಓದುಗರು, ಮಂಗಳೂರು

ಉತ್ತರ: ಆ ದೊಡ್ಡ ಬ್ಯಾಟರಿಗೂ ಆಂಪ್ಲಿಫೈಯರಿಗೂ ನೇರ ಸಂಬಂಧವಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ದೀಪ, ವೈಪರ್, ಸ್ಟೀರಿಯೊಗಳಿಗೆ ಬೇರೆಯದೇ ಸಣ್ಣ 12 ವೋಲ್ಟಿನ ಬ್ಯಾಟರಿ ಇದ್ದು, ದೊಡ್ಡ ಬ್ಯಾಟರಿಯಿಂದ ಡಿಸಿ-ಡಿಸಿ ಕನ್ವರ್ಟರ್ ಅದಕ್ಕೆ ವಿದ್ಯುತ್ ಒದಗಿಸುತ್ತದೆ. ಆಲ್ಟರ್ನೇಟರಿನ ಜಾಗದಲ್ಲಿ ಈಗ ಈ ಕನ್ವರ್ಟರ್ ಇದೆ, ಮಿತಿ ಅದರದ್ದು; ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಕಿಲೋವಾಟ್, ಅದರಲ್ಲಿ ಕಾರಿನ ಸ್ವಂತ ಬಳಕೆಯೂ ಸೇರಿದೆ. ಒಂದು ಅನುಕೂಲವಂತೂ ನಿಜ: ಇಲ್ಲಿ ಐಡಲ್ ಎಂಬುದೇ ಇಲ್ಲದ್ದರಿಂದ ಸಿಗ್ನಲ್ಲಿನಲ್ಲಿ ನಿಂತಾಗಲೂ ವೋಲ್ಟೇಜು ಕುಸಿಯುವುದಿಲ್ಲ. ರೇಂಜಿನ ಚಿಂತೆ ಬೇಡ. ಸರಾಸರಿ 300 ವಾಟ್ ಬಳಸುವ ವ್ಯವಸ್ಥೆ ಗಂಟೆಗೆ 0.3 ಯೂನಿಟ್ ಖರ್ಚು ಮಾಡುತ್ತದೆ, 30 ಯೂನಿಟ್ ಬ್ಯಾಟರಿಯಲ್ಲಿ ಅದು ಶೇಕಡಾ ಒಂದು. ಆದರೆ ಕಾರು ಆಫ್ ಆಗಿರುವಾಗ ಕನ್ವರ್ಟರೂ ಮಲಗಿರುವ ಸಾಧ್ಯತೆ ಇರುವುದರಿಂದ ಆ ಸಣ್ಣ ಬ್ಯಾಟರಿಯ ಮೇಲೆ ಹಾಡು ನುಡಿಸಬೇಡಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಕಿತ್ತಳೆ ಬಣ್ಣದ ಕೇಬಲುಗಳ ಹತ್ತಿರಕ್ಕೆ ಅಂಗಡಿಯವರನ್ನು ಬಿಡಬೇಡಿ. ಅವುಗಳಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತದೆ. — ಓದುಗರು, ಉಡುಪಿ

ಉತ್ತರ: ಹೆಡ್ ಯೂನಿಟ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಗ್ರೌಂಡಿನ ಮೇಲೆ ಕುಳಿತಿವೆ, ಅಥವಾ ಹಾಡಿನ ಸಿಗ್ನಲ್ ಸಾಗಿಸುವ ಆರ್‌ಸಿಎ ತಂತಿ ಪವರ್ ತಂತಿಯ ಪಕ್ಕದಲ್ಲೇ ಬಂದಿದೆ. ಒಂದನ್ನು ಕಾರಿನ ಎಡಬದಿಯಲ್ಲೂ ಇನ್ನೊಂದನ್ನು ಬಲಬದಿಯಲ್ಲೂ ಎಳೆಸಿ, ಗ್ರೌಂಡನ್ನು ಮತ್ತೊಮ್ಮೆ ಕೆರೆದು ಬಿಗಿಸಿ. ಆಗಲೂ ಹೋಗದಿದ್ದರೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ನೋಡಿ. ಅರ್ಧ ವೋಲ್ಟು ದಾಟಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ.

ಪ್ರಶ್ನೆ: ಎರಡು ದಿನ ಕಾರು ತೆಗೆಯದಿದ್ದರೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಆಂಪ್ಲಿಫೈಯರ್ ಹಾಕಿಸಿದ ಮೇಲೆ ಶುರುವಾದದ್ದು. ಹೊಸ ಬ್ಯಾಟರಿಯೂ ಹಾಗೆಯೇ ಆಯಿತು. — ಓದುಗರು, ಕಲಬುರಗಿ

ಉತ್ತರ: ರಾತ್ರಿ ಕಾರಿಗೆ ಬೀಗ ಹಾಕಿ ಕೆಲವು ನಿಮಿಷ ಬಿಟ್ಟು ಆಂಪ್ಲಿಫೈಯರಿನ ಪುಟ್ಟ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಆಂಪ್ಲಿಫೈಯರನ್ನು ಆನ್-ಆಫ್ ಮಾಡುವ ರಿಮೋಟ್ ತಂತಿಯನ್ನು ಹೆಡ್ ಯೂನಿಟ್ಟಿನ ನೀಲಿ-ಬಿಳಿ ತಂತಿಗೆ ಕೊಡುವ ಬದಲು ಸದಾ ಕರೆಂಟಿರುವ ಸಾಲಿಗೆ ಜೋಡಿಸಿದ್ದಾರೆ. ನಿಂತ ಕಾರು ಎಳೆಯಬಹುದಾದ ಕರೆಂಟು 0.05 ಆಂಪಿಯರಿನ ಆಸುಪಾಸು. 35 ಆಂಪಿಯರ್-ಅವರಿನ ಬ್ಯಾಟರಿಗೆ ಅದು ತಿಂಗಳ ಮಾತು. ಎಚ್ಚರವಾಗಿರುವ ಆಂಪ್ಲಿಫೈಯರ್ ಏನನ್ನೂ ನುಡಿಸದೆಯೇ ಒಂದರಿಂದ ಎರಡು ಆಂಪಿಯರ್ ಎಳೆಯುತ್ತದೆ, ಆಗ ಅದೇ ಬ್ಯಾಟರಿ ಒಂದು ದಿನದಲ್ಲೋ ಒಂದೂವರೆ ದಿನದಲ್ಲೋ ಖಾಲಿ. ಒಂದು ತೆಳು ತಂತಿಯ ತುದಿಯನ್ನು ಬದಲಿಸಿದರೆ ಕೆಲಸ ಮುಗಿಯಿತು. ಹೀಗೆ ಪೂರ್ತಿ ಇಳಿದಿದ್ದ ಹೊಸ ಬ್ಯಾಟರಿಯನ್ನು ಆಲ್ಟರ್ನೇಟರಿನಿಂದಲ್ಲ, ಚಾರ್ಜರಿನಿಂದ ನಿಧಾನವಾಗಿ, ಇಡೀ ರಾತ್ರಿ ಚಾರ್ಜ್ ಮಾಡಿಸಿ. ಮೂರನೆಯದನ್ನು ಕೊಳ್ಳಬೇಕಾಗಿ ಬರಲಾರದು.